ಕಮಿಷನರ್ ಶಾಸಕರಾದರು, ಮೇಯರ್ ಯಾಕೆ ಆಗಲಿಲ್ಲ?

ಮಂಗಳೂರಿನವರಿಗೆ ಒಂದು ಸಣ್ಣ ಪರೀಕ್ಷೆ. ಫೋನ್ ಕೆಳಗಿಟ್ಟು, ಯಾರನ್ನೂ ಕೇಳದೆ, ಕಳೆದ ಪಾಲಿಕೆಯ ಐವರು ಮೇಯರ್‌ಗಳ ಹೆಸರು ಹೇಳಿ ನೋಡುವ.

ದಿವಾಕರ ಪಾಂಡೇಶ್ವರ, ಪ್ರೇಮಾನಂದ ಶೆಟ್ಟಿ, ಜಯಾನಂದ ಅಂಚನ್, ಸುಧೀರ್ ಶೆಟ್ಟಿ ಕಣ್ಣೂರು, ಮನೋಜ್ ಕುಮಾರ್ ಕೋಡಿಕಲ್. ಐದೂ ಹೇಳಿದವರಿಗೆ ನನ್ನ ಲೆಕ್ಕದಲ್ಲಿ ಒಂದು ಗಡ್‌ಬಡ್ ಐಸ್‌ಕ್ರೀಂ. ನಮ್ಮ ಆಫೀಸಿನಲ್ಲಿ ಇದೇ ಪ್ರಶ್ನೆ ಹಾಕಿದೆ. ಎಲ್ಲರೂ ಇಲ್ಲೇ ಹುಟ್ಟಿ ಬೆಳೆದವರು, ತಪ್ಪದೆ ಓಟು ಹಾಕುವವರು. ಒಬ್ಬರಿಗೂ ಎರಡರ ಮೇಲೆ ಹೋಗಲಿಲ್ಲ. ಅದೇ ಜನರನ್ನು ಶಾಸಕರು ಯಾರು ಅಂತ ಕೇಳಿ, ಹೆಸರಿನ ಜೊತೆ ಅವರ ಕಾರಿನ ಬಣ್ಣವನ್ನೂ ಹೇಳ್ತಾರೆ.

ಇದು ಆ ಐವರ ತಪ್ಪು ಅಲ್ಲ. ಅದನ್ನೇ ಸ್ವಲ್ಪ ಉದ್ದಕ್ಕೆ ಬರೆಯೋಣ ಅನ್ನಿಸ್ತು. ಸಮಯ ಇದ್ದವರು ಓದಿ, ಇಲ್ಲದವರು ನಾಳೆ ಓದಿ.

ಈ ವಿಷಯ ತಲೆಗೆ ಹೊಕ್ಕಿದ್ದು ಉಡುಪಿಯಿಂದ. ಅಲ್ಲಿ ಹಳೇ ತಲೆಮಾರಿನವರ ಜೊತೆ ಊರಿನ ಚರಂಡಿ, ನೀರು ಅಂತ ಮಾತು ತೆಗೆದರೆ ಒಂದು ಹೆಸರು ಬಂದೇ ಬರುತ್ತದೆ. ಡಾಕ್ಟರ್ ವಿ. ಎಸ್. ಆಚಾರ್ಯ. ಈಗಿನ ಹುಡುಗರಿಗೆ ಅವರು ಗೊತ್ತಿದ್ದರೆ ಮಾಜಿ ಗೃಹ ಸಚಿವ ಅಂತ ಗೊತ್ತು, ಅಷ್ಟೆ. ಆದರೆ ಅವರ ರಾಜಕೀಯ ಶುರುವಾದದ್ದು ವಿಧಾನಸೌಧದಲ್ಲಿ ಅಲ್ಲ, ಉಡುಪಿ ಪುರಸಭೆಯಲ್ಲಿ. ಹುಟ್ಟಿದ್ದು 1940ರಲ್ಲಿ. ಮಣಿಪಾಲದಲ್ಲಿ ಎಂಬಿಬಿಎಸ್ ಓದಿದ ಡಾಕ್ಟರು. 1968ರಲ್ಲಿ ಉಡುಪಿ ಪುರಸಭೆ ಜನಸಂಘದ (ಈಗಿನ ಬಿಜೆಪಿಯ ಮೂಲ ಪಕ್ಷ) ಕೈಗೆ ಬಂತು, ಇವರು ಅಧ್ಯಕ್ಷರಾದರು. ಆಗ ವಯಸ್ಸು 28ರ ಆಸುಪಾಸು! ದಕ್ಷಿಣ ಭಾರತದಲ್ಲಿ ಆ ಪಕ್ಷಕ್ಕೆ ಒಂದು ಪುರಸಭೆ ಸಿಕ್ಕಿದ್ದೇ ಆಗ ದೊಡ್ಡ ಸುದ್ದಿ.

ನಾನು ಆ ಪಕ್ಷದವನಲ್ಲ. ಇನ್ನೊಂದು ಪಕ್ಷದವನೂ ಅಲ್ಲ. ಕಮೆಂಟಿನಲ್ಲಿ ಆ ಜಗಳ ಬೇಡ ಮಾರಾಯ್ರೆ.

ಅವರ ಕಾಲದಲ್ಲಿ ಆದ ಮುಖ್ಯ ಕೆಲಸ ಯಾವುದು ಅಂದರೆ, ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ಉಡುಪಿ ಪುರಸಭೆ ನಿಲ್ಲಿಸಿತು. ದೇಶದಲ್ಲೇ ಮೊದಲು ನಿಲ್ಲಿಸಿದ ಊರುಗಳ ಸಾಲಿನಲ್ಲಿ ಉಡುಪಿಯ ಹೆಸರು ಹೇಳುತ್ತಾರೆ. ಕೇಂದ್ರ ಸರಕಾರ ಇದಕ್ಕೆ ಕಾನೂನು ಮಾಡಿದ್ದು 1993ರಲ್ಲಿ. ಅಂದರೆ ಒಂದು ಸಣ್ಣ ಪುರಸಭೆ ದಿಲ್ಲಿಗಿಂತ ಸುಮಾರು ಎರಡು ದಶಕ ಮುಂದಿತ್ತು.

ಇದರ ತೂಕ ಗೊತ್ತಾಗಬೇಕಾದರೆ ಹಳೇ ಮನೆಗಳನ್ನು ನೋಡಬೇಕು. ನನ್ನ ಅಮ್ಮನ ತವರುಮನೆ ರಥಬೀದಿಯಿಂದ ಜಾಸ್ತಿ ದೂರ ಇಲ್ಲ. ಹಿತ್ತಿಲಲ್ಲಿ, ಬಾವಿಯಿಂದ ಆದಷ್ಟು ದೂರಕ್ಕೆ, ಎತ್ತರದ ಕಟ್ಟೆ ಮೇಲೆ ಒಂದು ಕೋಣೆ ಇತ್ತು. ಹತ್ತಲು ನಾಲ್ಕು ಮೆಟ್ಟಿಲು. ಹಿಂದುಗಡೆ ಮೊಣಕಾಲೆತ್ತರಕ್ಕೆ ಒಂದು ಸಣ್ಣ ಕಿಂಡಿ, ಅದಕ್ಕೊಂದು ತಗಡಿನ ಮುಚ್ಚಳ. ನಾನು ನೋಡುವಾಗ ಅದು ಸೌದೆ, ತೆಂಗಿನ ಸಿಪ್ಪೆ ತುಂಬಿಡುವ ಜಾಗ ಆಗಿತ್ತು. ಆ ಕಿಂಡಿ ಎಂತಕ್ಕೆ ಅಂತ ಕೇಳಿದರೆ ಅಜ್ಜಿ ಮಾತು ತಿರುಗಿಸುತ್ತಿದ್ದರು. ದೊಡ್ಡಮಾವ ಒಮ್ಮೆ ಹೇಳಿದರು. ಬೆಳಕು ಹರಿಯುವ ಮೊದಲು ಹಿಂದಿನ ಓಣಿಯಲ್ಲಿ ಬರುತ್ತಿದ್ದರಂತೆ, ಕಿಂಡಿ ತೆಗೆದು ಡಬ್ಬಿ ಖಾಲಿ ಮಾಡಿ ಹೋಗುತ್ತಿದ್ದರಂತೆ. ಮನೆಯವರು ಯಾರೂ ಅವರ ಮುಖ ನೋಡುತ್ತಿರಲಿಲ್ಲ. "ಹೆಸರು ಗೊತ್ತಿತ್ತಾ ಮಾವ?" ಅಂತ ಕೇಳಿದೆ. "ಇಲ್ಲ ಮಗ, ಕೇಳ್ಳೇ ಇಲ್ಲ" ಅಂದರು. ನಮ್ಮ ಕರಾವಳಿಯ ಪೇಟೆಗಳಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ತಳ್ಳಲ್ಪಟ್ಟವರು ಕೊರಗ ಸಮುದಾಯದವರು. ಇದನ್ನು ಬರೆಯದೆ ಅಧ್ಯಕ್ಷರನ್ನು ಮಾತ್ರ ಹೊಗಳಿದರೆ ಕಥೆ ಅರ್ಧ ಆಗುತ್ತದೆ. ಅದೇ ಹೊತ್ತಿಗೆ ದೇವರಾಜ ಅರಸು ಸರಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ಇಡೀ ರಾಜ್ಯದಲ್ಲಿ ಮಲ ಹೊರುವುದನ್ನು ನಿಲ್ಲಿಸಲು ಹಟ ಹಿಡಿದು ನಿಂತರು. ಅವರ ಪಕ್ಷ ಬೇರೆ, ಇವರ ಪಕ್ಷ ಬೇರೆ. ಕೆಲಸ ಒಂದೇ.

ಸರಿ, ಆದೇಶ ಹೊರಡಿಸುವುದು ಸುಲಭ. ಮರುದಿನ ಬೆಳಿಗ್ಗೆ ಊರಿನವರು ಎಲ್ಲಿಗೆ ಹೋಗಬೇಕು? ಮನೆ ಮನೆಗೆ ಬೇರೆ ವ್ಯವಸ್ಥೆ ಆಗಬೇಕು, ಗುಂಡಿ ಆಗಬೇಕು, ನೀರು ಬೇಕು, ದುಡ್ಡು ಇಲ್ಲದ ಮನೆಗೆ ಸಹಾಯ ಬೇಕು, ಈ ಕೆಲಸ ಬಿಟ್ಟವರಿಗೆ ಬೇರೆ ಕೆಲಸ ಬೇಕು. ಒಪ್ಪದ ಮನೆಯವರ ಜಗಲಿಯಲ್ಲಿ ಕೂತು ಒಪ್ಪಿಸಬೇಕು. ಇದು ಮೂರು ತಿಂಗಳಲ್ಲಿ ಆಗುವ ಕೆಲಸವಾ? ಒಂದು ವರ್ಷದಲ್ಲಿ? ಉಡುಪಿಯಲ್ಲಿ ಕುಡಿಯುವ ನೀರು, ಒಳಚರಂಡಿ ವಿಷಯದಲ್ಲೂ ಗಟ್ಟಿ ಕೆಲಸ ಶುರುವಾದದ್ದು ಆ ದಶಕದಲ್ಲೇ. ಅದು ಆದದ್ದು ಯಾಕೆ ಅಂದರೆ ಅಧ್ಯಕ್ಷರ ಕುರ್ಚಿಯಲ್ಲಿ ಅದೇ ಮನುಷ್ಯ ವರ್ಷಗಟ್ಟಲೆ ಕೂತಿದ್ದರು. ಶುರು ಮಾಡಿದ್ದನ್ನು ತಾವೇ ಮುಗಿಸಬೇಕಿತ್ತು. ಮುಗಿಯದಿದ್ದರೆ ಬೈಗುಳವೂ ಅವರಿಗೇ.

ಮತ್ತೆ ತುರ್ತು ಪರಿಸ್ಥಿತಿ ಬಂತು, ಜೈಲಿಗೆ ಹೋದರು. 1983ರಲ್ಲಿ ಉಡುಪಿಯಿಂದ ಶಾಸಕರಾದರು. ಆ ಚುನಾವಣೆಯಲ್ಲಿ ಬಿಜೆಪಿಗೆ ರಾಜ್ಯದಲ್ಲಿ ಬಂದದ್ದು 18 ಸೀಟು, ರಾಮಕೃಷ್ಣ ಹೆಗಡೆ ಸರಕಾರಕ್ಕೆ ಹೊರಗಿನಿಂದ ಬೆಂಬಲ ಕೊಟ್ಟರು. 1985ರಲ್ಲಿ ಮತ್ತೆ ಚುನಾವಣೆ ಬಂದಾಗ ಉಡುಪಿ ಕಾಂಗ್ರೆಸ್ಸಿನ ಮನೋರಮಾ ಮಧ್ವರಾಜ್ ಅವರ ಕೈಗೆ ಹೋಯಿತು. ಇದನ್ನು ಗಮನಿಸಿ. ಊರಿಗೆ ಇಷ್ಟು ಕೆಲಸ ಮಾಡಿದವರಿಗೂ ಶಾಸಕನ ಸೀಟು ಗ್ಯಾರಂಟಿ ಇರಲಿಲ್ಲ. ಉಡುಪಿಯ ಮತದಾರರು ಭಾರಿ ಲೆಕ್ಕದ ಜನ. ಮುಂದೆ ಆಚಾರ್ಯರು ವಿಧಾನ ಪರಿಷತ್ತಿಗೆ ಹೋದರು, 2008ರಲ್ಲಿ ಯಡಿಯೂರಪ್ಪ ಸರಕಾರದಲ್ಲಿ ಗೃಹ ಸಚಿವರಾದರು, ಆಮೇಲೆ ಉನ್ನತ ಶಿಕ್ಷಣ. 2012ರ ಫೆಬ್ರವರಿ 14ರಂದು ಬೆಂಗಳೂರಿನ ಕಾಲೇಜೊಂದರ ಕಾರ್ಯಕ್ರಮದಲ್ಲಿ ಕುಸಿದು ಬಿದ್ದು ತೀರಿಕೊಂಡರು.

ಈಗ ಕೆಲವರಿಗೆ ಸಿಟ್ಟು ಬರುವ ಮಾತು. ಪುರಸಭೆ ಅಧ್ಯಕ್ಷ ಆಚಾರ್ಯರಿಗೆ ನಾನು ಕೊಡುವ ಮಾರ್ಕು ಗೃಹ ಸಚಿವ ಆಚಾರ್ಯರಿಗೆ ಕೊಡುವುದಿಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲಿ ಚರ್ಚುಗಳ ಮೇಲೆ ದಾಳಿ ಆದಾಗ, 2009ರ ಜನವರಿ 24ಕ್ಕೆ ಪಬ್ಬಿನಲ್ಲಿ ಹುಡುಗಿಯರ ಮೇಲೆ ಕೈ ಮಾಡಿದಾಗ, ಗೃಹ ಖಾತೆ ಇದ್ದದ್ದು ನಮ್ಮ ಪಕ್ಕದ ಜಿಲ್ಲೆಯವರ ಕೈಯಲ್ಲೇ. ಮಿಲಾಗ್ರಿಸ್ ಚರ್ಚಿನ ಹತ್ತಿರದ ಆ ಬೀದಿ ಯಾವುದು, ಅಲ್ಲಿ ಯಾರು ಇರ್ತಾರೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚರ್ಚು ದಾಳಿಯ ತನಿಖೆಗೆ ಸರಕಾರ ಸೋಮಶೇಖರ ಆಯೋಗ ಮಾಡಿತು, ವರದಿ 2011ರಲ್ಲಿ ಬಂತು, ಆ ವರದಿಯ ಮೇಲೂ ಜಗಳ ಆಯಿತು. ಊರು ತಿಳಿದವರಿಂದ ನಾವು ಜಾಸ್ತಿ ನಿರೀಕ್ಷೆ ಮಾಡಿದ್ದೆವು, ಸಿಗಲಿಲ್ಲ. ಹಾಗಾಗಿ "ಪುರಸಭೆಯಲ್ಲಿ ಪಳಗಿದವರು ದೊಡ್ಡ ಕುರ್ಚಿಯಲ್ಲೂ ಗೆದ್ದೇ ಗೆಲ್ತಾರೆ" ಅಂತ ನಾನು ಹೇಳ್ತಾ ಇಲ್ಲ. ಚರಂಡಿಗೆ ಪಕ್ಷ ಇಲ್ಲ, ಪೊಲೀಸ್ ಖಾತೆಗೆ ಉಂಟು. ಆದರೆ ಪುರಸಭೆಯಲ್ಲಿ ಮಾಡಿದ ಕೆಲಸ ಮಾತ್ರ ಯಾರೂ ಅಳಿಸಲಿಕ್ಕೆ ಆಗದ್ದು.

ಹಾಗೆ ನೋಡಿದರೆ ಆ ಕಾಲದ ಉಡುಪಿ ಪುರಸಭೆ ಒಂದೇ ಪಕ್ಷಕ್ಕೆ ಶಾಲೆ ಆಗಿರಲಿಲ್ಲ. ಕಾಂಗ್ರೆಸ್ಸಿನ ಆಸ್ಕರ್ ಫೆರ್ನಾಂಡಿಸ್ ಕೂಡ 1970ರ ದಶಕದಲ್ಲಿ ಅಲ್ಲೇ ಸದಸ್ಯರಾಗಿದ್ದವರು. 1980ರಲ್ಲಿ ಸಂಸತ್ತಿಗೆ ಹೋದವರು ಮುಂದೆ ಕೇಂದ್ರದಲ್ಲಿ ಮಂತ್ರಿಯೂ ಆದರು. ಒಂದು ಸಣ್ಣ ಪೇಟೆಯ ಪುರಸಭೆಯ ಬೆಂಚುಗಳಿಂದ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಇಬ್ಬರು ಮಂತ್ರಿಗಳು!

ಈಗ ಮಂಗಳೂರಿಗೆ ಬನ್ನಿ.

ನಮ್ಮದು 1980ರಲ್ಲಿ ಮಹಾನಗರ ಪಾಲಿಕೆ ಆಯಿತು. 60 ವಾರ್ಡು. ಲಾಲ್‌ಬಾಗ್‌ನಲ್ಲಿ ದೊಡ್ಡ ಕಟ್ಟಡ. ಮೇಯರ್‌ಗೆ ಗೌನು, ಕಾರು, ಎಲ್ಲಾ ಉಂಟು. ಇಲ್ಲದ್ದು ಸಮಯ ಮತ್ತು ಅಧಿಕಾರ. 1976ರ ಪಾಲಿಕೆ ಕಾಯ್ದೆ ಪ್ರಕಾರ ಮೇಯರ್ ಅವಧಿ ಒಂದೇ ವರ್ಷ. ಪ್ರತಿ ವರ್ಷ ಮೀಸಲಾತಿ ಬದಲಾಗುತ್ತದೆ, ಹಾಗಾಗಿ ಇದ್ದವರನ್ನೇ ಮುಂದುವರಿಸೋಣ ಅಂದರೂ ಸಾಮಾನ್ಯವಾಗಿ ಆಗುವುದಿಲ್ಲ. ಮೀಸಲಾತಿ ಬೇಕೇ ಬೇಕು, ಅದರ ಬಗ್ಗೆ ನನ್ನ ತಕರಾರು ಇಲ್ಲ. ಹನ್ನೆರಡು ತಿಂಗಳಿಗೊಮ್ಮೆ ತಿರುಗಿಸುವ ಬಗ್ಗೆ ತಕರಾರು. ಮೀಸಲಾತಿಯಿಂದ ಕುರ್ಚಿಗೆ ಬಂದ ಹೆಣ್ಣುಮಗಳಿಗೋ ಹಿಂದುಳಿದ ವರ್ಗದ ಹುಡುಗನಿಗೋ ಫೈಲು ಓದಲು ಬರುವ ಹೊತ್ತಿಗೆ ಇಳಿಸಿಬಿಟ್ಟರೆ ಅದು ಅವರಿಗೇ ಮಾಡುವ ಮೋಸ ಅಲ್ವಾ?

ಆ ಒಂದು ವರ್ಷದ ಲೆಕ್ಕ ಹಾಕಿ ನೋಡಿ. ಮೊದಲ ಎರಡು ತಿಂಗಳು ಸನ್ಮಾನ, ಶಾಲು, ಹಾರ. ಬಜೆಟ್ ಹಿಂದಿನವರು ಮಾಡಿಟ್ಟದ್ದು. ಹೊಸ ಕೆಲಸ ಹಿಡಿಯೋಣ ಅಂದರೆ ಎಸ್ಟಿಮೇಟ್ ಆಗಬೇಕು, ತಾಂತ್ರಿಕ ಮಂಜೂರಾತಿ ಆಗಬೇಕು, ಟೆಂಡರ್ ಕರೆಯಬೇಕು, ಒಬ್ಬನೇ ಬಿಡ್ ಹಾಕಿದರೆ ಮತ್ತೆ ಕರೆಯಬೇಕು, ಆಮೇಲೆ ವರ್ಕ್ ಆರ್ಡರ್. ಅಷ್ಟರಲ್ಲಿ ಯಾವುದಾದರೂ ಚುನಾವಣೆ ಬಂದು ನೀತಿಸಂಹಿತೆ. ಇಲ್ಲದಿದ್ದರೆ ಮೇ ಕೊನೆಗೆ ಮಳೆ. ನಮ್ಮ ಮಳೆ ಅಂದರೆ ಸೆಪ್ಟೆಂಬರ್ ತನಕ ರಸ್ತೆಗೆ ಕೈ ಹಾಕುವ ಹಾಗಿಲ್ಲ. ಕೊಟ್ಟಾರಚೌಕಿಯಲ್ಲಿ ನೀರು ನಿಂತಾಗ ಮೇಯರ್ ಪ್ಯಾಂಟು ಮಡಚಿ ನಿಂತ ಫೋಟೋ ಪೇಪರಿನಲ್ಲಿ ಬರುತ್ತದೆ. ಮುಂದಿನ ಮಳೆಗೆ ಅದೇ ಜಾಗ, ಅದೇ ನೀರು, ಬೇರೆ ಮೇಯರ್.

ಅಧಿಕಾರದ ಕಥೆ ಇನ್ನೂ ತಮಾಷೆ. ಸಹಿ ಪಾಲಿಕೆ ಕಮಿಷನರದ್ದು. ಅವರನ್ನು ಕಳಿಸುವುದು ರಾಜ್ಯ ಸರಕಾರ. ಸ್ಮಾರ್ಟ್ ಸಿಟಿ ದುಡ್ಡು ಬಂದಾಗ ಅದಕ್ಕೆ ಬೇರೆಯೇ ಕಂಪನಿ, ಅದಕ್ಕೊಬ್ಬರು ಎಂಡಿ. ಲೇಔಟಿಗೆ ಮೂಡಾ, ಅಂದರೆ ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ. ಹೆದ್ದಾರಿಗೆ ದಿಲ್ಲಿ. ಪಂಪ್‌ವೆಲ್ ಫ್ಲೈಓವರ್ ಮುಗಿಯುವ ತನಕ ಎಷ್ಟು ಮೇಯರ್‌ಗಳು ಅದರ ಬಗ್ಗೆ ಬೈಗುಳ ತಿಂದರೋ, ಅವರಲ್ಲಿ ಒಬ್ಬರಿಗೂ ಅಲ್ಲಿ ಒಂದು ಚೀಲ ಸಿಮೆಂಟ್ ಹಾಕಿಸುವ ಅಧಿಕಾರ ಇರಲಿಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು, ಹನ್ನೆರಡನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ಕೊಡಬಹುದಾದ 18 ವಿಷಯ ಬರೆದಿಟ್ಟರು. ಕೊಡಬೇಕಾದದ್ದು ರಾಜ್ಯ. ರಾಜ್ಯ ಎಷ್ಟು ಕೊಟ್ಟಿದೆ ಅಂತ ಯಾವುದಾದರೂ ಕಾರ್ಪೊರೇಟರನ್ನು ಚಹಾ ಕುಡಿಸಿ ಕೇಳಿ, ಸಂಜೆ ಕಳೆಯುತ್ತದೆ.

ಈಗ ತಲೆಬರಹದ ಪ್ರಶ್ನೆಗೆ ಬರ್ತೇನೆ. 2013ರಲ್ಲಿ ಮಂಗಳೂರು ದಕ್ಷಿಣದಿಂದ ಗೆದ್ದವರು ಯಾರು? ಜೆ. ಆರ್. ಲೋಬೊ. ಅವರು ಮೊದಲು ಎಂತ ಆಗಿದ್ದರು? ಇದೇ ಪಾಲಿಕೆಯ ಕಮಿಷನರ್! ಪಿಲಿಕುಳ ನಿಸರ್ಗಧಾಮದ ಕೆಲಸದಿಂದಲೂ ಜನರಿಗೆ ಪರಿಚಯ ಇದ್ದ ಅಧಿಕಾರಿ. ನೌಕರಿ ಬಿಟ್ಟು ಬಂದರು, ಟಿಕೆಟ್ ಸಿಕ್ಕಿತು, ಗೆದ್ದರು. 2018ರಲ್ಲಿ ವೇದವ್ಯಾಸ ಕಾಮತರ ಎದುರು ಸೋತರು, ಅದು ಬೇರೆ ವಿಷಯ. ನಾನು ಹೇಳುವುದು ಇಷ್ಟು. ಜನ ದಡ್ಡರಲ್ಲ. ಲಾಲ್‌ಬಾಗಿನ ಕಟ್ಟಡದಲ್ಲಿ ಕೆಲಸ ಯಾರಿಂದ ಆಗುತ್ತದೆ ಅಂತ ನೋಡಿಟ್ಟುಕೊಂಡಿದ್ದರು. ಆ ಕಟ್ಟಡದಿಂದ ಒಬ್ಬರನ್ನು ವಿಧಾನಸೌಧಕ್ಕೆ ಕಳಿಸುವಾಗ ಗೌನು ಹಾಕಿದವರನ್ನು ಕಳಿಸಲಿಲ್ಲ, ಸಹಿ ಹಾಕುತ್ತಿದ್ದವರನ್ನು ಕಳಿಸಿದರು. 2014ರಿಂದ 2019ರ ತನಕ ಮೇಯರ್ ಆದ ಐವರು, ಆಮೇಲಿನ ಐವರು, ಒಟ್ಟು ಹತ್ತು ಜನ. ಒಬ್ಬರೂ ಶಾಸಕರಾಗಿಲ್ಲ.

ಬೇರೆ ಕಡೆ ಹೀಗಿಲ್ಲ ಮಾರಾಯ್ರೆ. ಪಕ್ಕದ ಕೇರಳ ನೋಡಿ. ತಿರುವನಂತಪುರದ ಮೇಯರ್ ವಿ. ಕೆ. ಪ್ರಶಾಂತ್. 2015ರಲ್ಲಿ ಮೇಯರ್ ಆದರು. ಅಲ್ಲಿ ಮೇಯರ್ ಅಂದರೆ ಐದು ವರ್ಷ. 2019ರ ನೆರೆಯಲ್ಲಿ ಉತ್ತರ ಕೇರಳಕ್ಕೆ ಲಾರಿಗಟ್ಟಲೆ ಸಾಮಾನು ಕಳಿಸಿದರು, ಜನ "ಮೇಯರ್ ಬ್ರೋ" ಅಂತ ಹೆಸರಿಟ್ಟರು. ಅದೇ ವರ್ಷ ವಟ್ಟಿಯೂರ್‌ಕಾವು ಉಪಚುನಾವಣೆಗೆ ನಿಲ್ಲಿಸಿದರು, ಗೆದ್ದರು. 2021ರಲ್ಲಿ ಮತ್ತೆ ಗೆದ್ದರು. ಚೆನ್ನೈಯಲ್ಲಿ ಸ್ಟಾಲಿನ್ 1996ರಲ್ಲಿ ಜನರಿಂದ ನೇರವಾಗಿ ಮೇಯರ್ ಆಗಿ ಆಯ್ಕೆ ಆದವರು. ನಾಗ್ಪುರದಲ್ಲಿ ಫಡ್ನವೀಸ್ 1997ರಲ್ಲಿ, 27ನೇ ವಯಸ್ಸಿಗೆ ಮೇಯರ್, 1999ರಲ್ಲಿ ಶಾಸಕ. ಇವರ ರಾಜಕೀಯ ನಿಮಗೆ ಇಷ್ಟ ಇರಲಿ ಬಿಡಲಿ, ಮೇಯರ್ ಕುರ್ಚಿಯಿಂದ ಮೇಲಕ್ಕೆ ಒಂದು ಏಣಿ ಉಂಟು ಅಂತ ಗೊತ್ತಾಗುತ್ತದೆ. ನಮ್ಮ ರಾಜ್ಯದಲ್ಲೂ ಇಲ್ಲವೇ ಇಲ್ಲ ಅಂತಲ್ಲ, ಮೈಸೂರಿನಲ್ಲಿ ವಾಸು, ಬೆಳಗಾವಿಯಲ್ಲಿ ಸಂಭಾಜಿ ಪಾಟೀಲ, ಇಬ್ಬರೂ ಮೇಯರ್ ಆಗಿದ್ದವರು, ಇಬ್ಬರೂ 2013ರಲ್ಲಿ ವಿಧಾನಸಭೆಗೆ ಹೋದರು. ಮಂಗಳೂರಿನಲ್ಲಿ ಮಾತ್ರ ಮೇಯರ್ ಆದವರು ಮರುವರ್ಷ ಅದೇ ಸಭೆಯಲ್ಲಿ ಹಿಂದಿನ ಸಾಲಿನ ಕುರ್ಚಿಗೆ ಹೋಗಿ ಕೂರುತ್ತಾರೆ.

ಇದರ ಪರಿಣಾಮ ಎಂತ? ಒಂದು ದಿನ ಬೆಳಿಗ್ಗೆ ಗೆಳೆಯನೊಬ್ಬನ ಕೆಲಸಕ್ಕೆ ಅಂತ ನಮ್ಮ ಕಡೆಯ ಶಾಸಕರೊಬ್ಬರ ಕಚೇರಿಗೆ ಹೋಗಿದ್ದೆ. ಎಂಟೂವರೆಗೇ ಹೊರಗೆ ಪ್ಲಾಸ್ಟಿಕ್ ಕುರ್ಚಿಗಳೆಲ್ಲ ಭರ್ತಿ. ಸುಮ್ನೆ ಕೂತು ಕಿವಿ ಕೊಟ್ಟೆ. ಒಬ್ಬರಿಗೆ ಇ-ಖಾತಾ. ಒಬ್ಬರಿಗೆ ಚರಂಡಿಯ ಸ್ಲ್ಯಾಬ್ ಒಡೆದಿದೆ. ಒಬ್ಬರಿಗೆ ನೀರಿನ ಬಿಲ್ಲು ಜಾಸ್ತಿ. ಇಬ್ಬರು ನಾಯಿ ಕಾಟದ ಬಗ್ಗೆ. ಒಬ್ಬ ಅಮ್ಮ, ವಯಸ್ಸು ಎಪ್ಪತ್ತು ದಾಟಿರಬೇಕು, ಕೈಯಲ್ಲಿ ಬೀದಿ ದೀಪದ ಕಂಬದ ನಂಬರ್ ಬರೆದ ಚೀಟಿ ಹಿಡಿದು ಪಿಎ ಹತ್ತಿರ ಹೋದರು. "ಮಗಾ, ಲೈಟ್ ಹೋಗಿ ದೀಪಾವಳಿಯೂ ಆಯ್ತು." ಪಿಎ ಕೇಳಿದ, "ಅಮ್ಮ, ನಿಮ್ಮ ಕಾರ್ಪೊರೇಟರ್‌ಗೆ ಹೇಳಿದ್ರಾ?" "ಹೇಳಿದೆ ಮಗಾ. ಶಾಸಕರಿಗೆ ಹೇಳಿ ಅಂತ ಅವನೇ ಕಳಿಸಿದ್ದು."

ನಾನು ಅಲ್ಲಿದ್ದಷ್ಟು ಹೊತ್ತು ಒಬ್ಬರೂ ಕಾನೂನಿನ ವಿಷಯ, ಸದನದ ವಿಷಯ ತೆಗೆದದ್ದು ಕೇಳಲಿಲ್ಲ. ಯಾಕೆ ತೆಗೆಯಬೇಕು ಹೇಳಿ, ದೀಪ ಉರಿಯಬೇಕಲ್ಲ! ಶಾಸಕರು ಪಾಪ ಬೆಳಿಗ್ಗೆ ಹತ್ತರ ತನಕ ಕಾರ್ಪೊರೇಟರ್ ಕೆಲಸ ಮಾಡಿ, ಮಧ್ಯಾಹ್ನ ಗುದ್ದಲಿಪೂಜೆ ಮಾಡಿ, ರಾತ್ರಿ ಮದುವೆಗೆ, ಕೋಲಕ್ಕೆ, ಯಕ್ಷಗಾನಕ್ಕೆ ಹೋಗಿ ಬರಬೇಕು. ಮಸೂದೆ ಓದುವುದು ಯಾವಾಗ?

ಇನ್ನೂ ಒಂದು ಉದಾಹರಣೆ ಉಡುಪಿಯದ್ದೇ. ಅಲ್ಲೂ ಈಗ ಆಚಾರ್ಯರ ಕಾಲ ಇಲ್ಲ. 2018ರಲ್ಲಿ ನಗರಸಭೆಗೆ ಚುನಾವಣೆ ಆಯಿತು, ಸದಸ್ಯರು ಗೆದ್ದರು, ಹಾರ ಹಾಕಿಸಿಕೊಂಡರು. ಆದರೆ ಅಧ್ಯಕ್ಷ ಸ್ಥಾನದ ಮೀಸಲಾತಿ ಕೋರ್ಟಿಗೆ ಹೋಗಿ 2020ರ ತನಕ ಅಧ್ಯಕ್ಷರೇ ಇಲ್ಲ! ನಡುವೆ 2019ರ ಮೇ ತಿಂಗಳು. ಸ್ವರ್ಣಾ ನದಿ ಬತ್ತಿತು, ಬಜೆ ಅಣೆಕಟ್ಟಿನಲ್ಲಿ ನೀರಿಲ್ಲ, ಹೋಟೆಲ್‌ಗಳು ಟ್ಯಾಂಕರ್ ಹಿಂದೆ ಓಡಿದವು. ಆಗ ನದಿಯ ಗುಂಡಿಗಳಲ್ಲಿ ನಿಂತಿದ್ದ ನೀರನ್ನು ಬಜೆಗೆ ಹರಿಸಲು ಶ್ರಮದಾನಕ್ಕೆ ಜನ ಕರೆದದ್ದು ಶಾಸಕ ರಘುಪತಿ ಭಟ್. ಒಳ್ಳೆಯ ಕೆಲಸವೇ. ಆದರೆ ಅದು ಅಧ್ಯಕ್ಷರು ನಿಂತು ಮಾಡಿಸಬೇಕಾದ ಕೆಲಸ, ಅದೂ ಜನವರಿಯಲ್ಲಿ.

ಮಂಗಳೂರಿನದ್ದೂ ಅದೇ ಹಾಡು. 2013ರ ಮಾರ್ಚಿನಲ್ಲಿ ಚುನಾವಣೆ, ಮೇಯರ್ ಬಂದದ್ದು ಒಂದು ವರ್ಷ ಕಳೆದು. 2019ರ ನವೆಂಬರಿನಲ್ಲಿ ಚುನಾವಣೆ, ಬಿಜೆಪಿಗೆ 60ರಲ್ಲಿ 44, ಮೇಯರ್ ಬಂದದ್ದು 2020ರ ಫೆಬ್ರವರಿ ಕೊನೆಗೆ. ಅವರ ಅವಧಿ 2025ರ ಫೆಬ್ರವರಿಯಲ್ಲಿ ಮುಗಿದ ಮೇಲೆ ಪಾಲಿಕೆ ಹೋದದ್ದು ಆಡಳಿತಾಧಿಕಾರಿ ಕೈಗೆ. ಸರಕಾರ ಯಾವ ಪಕ್ಷದ್ದೇ ಇರಲಿ, ಸ್ಥಳೀಯ ಚುನಾವಣೆ ಮುಂದೂಡುವುದರಲ್ಲಿ ಇಬ್ಬರೂ ಅಣ್ಣತಮ್ಮಂದಿರೇ.

ಯಾಕೆ ಹೀಗೆ ಅಂತ ನನ್ನ ಅನುಮಾನ ಹೇಳಿಬಿಡ್ತೇನೆ. ಐದು ವರ್ಷ ಕೂತು ಊರಿನ ನೀರು, ಕಸ, ಚರಂಡಿ ಸರಿ ಮಾಡಿದ ಮೇಯರ್ ಅಂದರೆ ಮುಂದಿನ ಚುನಾವಣೆಗೆ ಟಿಕೆಟ್ ಕೇಳುವ ಮೇಯರ್. ಯಾವ ಶಾಸಕರಿಗೆ ಅದು ಬೇಕು? ಕಾಯ್ದೆ ತಿದ್ದಬೇಕಾದವರು ಅವರೇ. ಮೇಯರ್ ಚುನಾವಣೆಯಲ್ಲಿ ಶಾಸಕರಿಗೂ ಸಂಸದರಿಗೂ ಓಟು ಉಂಟು ಅಂತ ನಿಮಗೆ ಗೊತ್ತಲ್ಲ. ಯಾರು ಮೇಯರ್ ಅಂತ ತೀರ್ಮಾನ ಆಗುವುದು ಪಾಲಿಕೆ ಸಭಾಂಗಣದಲ್ಲಿ ಅಲ್ಲ, ಹಿಂದಿನ ರಾತ್ರಿ ಪಕ್ಷದ ಕಚೇರಿಯಲ್ಲಿ. ವರ್ಷಕ್ಕೊಬ್ಬರಂತೆ ಐವರನ್ನು ಸಮಾಧಾನ ಮಾಡಲಿಕ್ಕೂ ಆಗುತ್ತದೆ, ಐವರಲ್ಲಿ ಒಬ್ಬರೂ ಬೆಳೆಯದ ಹಾಗೆ ನೋಡಿಕೊಳ್ಳಲಿಕ್ಕೂ ಆಗುತ್ತದೆ.

ಬದಲಿಸಲಿಕ್ಕೆ ಆಗುವುದಿಲ್ಲ ಅಂತ ಯಾರೂ ಹೇಳಬೇಡಿ. ಉಡುಪಿ ನಗರಸಭೆ ಅಧ್ಯಕ್ಷರಿಗೆ 30 ತಿಂಗಳು ಉಂಟು. ಬೆಂಗಳೂರಿಗೆ ಹೊಸ ಕಾಯ್ದೆ ಮಾಡುವಾಗ ಮೇಯರ್‌ಗೆ 30 ತಿಂಗಳು ಅಂತ ಬರೆದರು. ಅಷ್ಟೂ ಬೇಡ ಅಂತ ಬೆಂಗಳೂರಿನ ಯಾವ ಶಾಸಕರೂ ಎದ್ದು ನಿಂತು ಕೂಗಿದ್ದು ನಾನು ಕೇಳಿಲ್ಲ. ಮಂಗಳೂರಿನಂಥ ಪಾಲಿಕೆಗಳಿಗೆ ಮಾತ್ರ ಯಾಕೆ 12 ತಿಂಗಳು? ಮುಂದಿನ ಪಾಲಿಕೆ ಚುನಾವಣೆಗೆ ಎರಡೂ ಪಕ್ಷದವರು ಮನೆಗೆ ಬಂದೇ ಬರ್ತಾರೆ, ಜೊತೆಗೆ ಶಾಸಕರೂ ಕೈ ಮುಗಿದುಕೊಂಡು ಬರ್ತಾರೆ. ನಮ್ಮ ರಸ್ತೆಗೆ ಇಂಟರ್‌ಲಾಕ್ ಹಾಕಿಸ್ತೇನೆ ಅಂತಲೂ ಹೇಳ್ತಾರೆ. ನಾನು ಇಂಟರ್‌ಲಾಕ್ ವಿಷಯ ಕಾರ್ಪೊರೇಟರ್ ಅಭ್ಯರ್ಥಿ ಹತ್ತಿರ ಮಾತಾಡ್ತೇನೆ. ಶಾಸಕರ ಹತ್ತಿರ ಕೇಳುವುದು 1976ರ ಕಾಯ್ದೆಯಲ್ಲಿ ಮೇಯರ್ ಅವಧಿಯ ಬಗ್ಗೆ ಇರುವ ಆ ಒಂದು ಸಾಲನ್ನು. ತಿದ್ದಲಿಕ್ಕೆ ಈ ಅಧಿವೇಶನದಲ್ಲಿ ಬಾಯಿ ಬಿಡ್ತೀರಾ, ಇಲ್ವಾ? ನೀವೂ ಕೇಳಿ. ಉತ್ತರ ಎಂತ ಬಂತು ಅಂತ ಇಲ್ಲೇ ಬರೆಯಿರಿ, ಗಡ್‌ಬಡ್ ಆಫರ್ ಅಲ್ಲಿಯ ತನಕ ಓಪನ್ ಇರ್ತದೆ.